ಬೀಟ್‌ರೂಟಿನ ರಕ್ತ

ದಾಸರಹಳ್ಳಿ,
೯-೩-೧೯೮೨

ಅಣ್ಣನಿಗೆ ಅಮ್ಮಣ್ಣಿ ಬರೆಯುವುದು.

‘ತೀರ್ಥರೂಪು ಸಮಾನ’ ಎಂದು ಶುರುಮಾಡಲು ಹೋದೆ, ಕೈ ಬರಲಿಲ್ಲ. ‘ಇತ್ತ ಕ್ಷೇಮ’ ಎಂದು ಬರೆದರೆ ಅದೂ ಸುಳ್ಳಾಗುತ್ತದೆ. ಏಳು ತಿಂಗಳಿಂದ ನಿನ್ನ ಮುಖ ನೋಡದವಳು ಇದ್ದಕ್ಕಿದ್ದ ಹಾಗೆ ಕಾಗದ ಬರೆದಿದ್ದಾಳಲ್ಲ ಎಂದು ಆಶ್ಚರ್ಯಪಡಬೇಡ. ಮೊನ್ನೆ ಒಂದು ಸಿನಿಮಾ ನೋಡಿಬಂದೆ. ನೀನು ತೆಗೆದ ಸಿನಿಮಾ.

ನಾಲ್ಕನೇ ತಾರೀಕು ಫ್ಯಾಕ್ಟರಿಯಲ್ಲಿ ಸುರಕ್ಷತಾ ದಿನ. ಸೇಫ್ಟಿ ಆಫೀಸರ್ ಸಾಹೇಬರು, ಅಂದರೆ ನೀನು, ವೈಟ್‌ಫೀಲ್ಡ್ ಶಾಖೆಗೆ ವರ್ಗವಾಗಿ ಹೋದರೇನು, ನಿನ್ನ ಸಿನಿಮಾ ಪೀಣ್ಯದಲ್ಲೇ ಭದ್ರವಾಗಿದೆ. ಯೂನಿಯನ್ನಿನ ನರಸಿಂಹಯ್ಯನವರು ಮನೆಗೇ ಬಂದು, “ಇಪ್ಪತ್ತೆರಡಕ್ಕೆ ನಿಮ್ಮ ಪರಿಹಾರದ ಕೇಸಲ್ಲಿ ಕಂಪನಿಯವರು ಲೇಬರ್ ಕೋರ್ಟಿಗೆ ಇದನ್ನೇ ತೋರಿಸ್ತಾರೆ ಅಕ್ಕ, ನೀವೊಂದ್ಸಲ ಕಣ್ಣಾರೆ ನೋಡ್ಬಿಡಿ” ಎಂದರು. ಊರ್ಮಿಳೆಯನ್ನು ಪಕ್ಕದ ಮನೆಯಲ್ಲಿ ಬಿಟ್ಟು ಹೋಗೋಣವೆಂದುಕೊಂಡೆ. ಹಟ ಹಿಡಿದಳು. “ಫೋಟೋದಲ್ಲಿ ಅಪ್ಪ ಅಲ್ಲಾಡೋದೇ ಇಲ್ಲ, ಸಿನಿಮಾದಲ್ಲಿ ಅಲ್ಲಾಡ್ತಾರಲ್ವಾ ಅಮ್ಮ?” ಎಂದಳು. ಒಂಬತ್ತು ವರ್ಷದ ಮಗು ಹಾಗೆ ಕೇಳಿದರೆ ಯಾವ ತಾಯಿ ಬೇಡ ಎನ್ನುತ್ತಾಳೆ? ಕರೆದುಕೊಂಡು ಹೋದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಕ್ಯಾಂಟೀನಿನ ಕಿಟಕಿಗಳಿಗೆಲ್ಲ ಕಂಬಳಿ ಕಟ್ಟಿ, ಹಗಲು ಹನ್ನೊಂದಕ್ಕೇ ಕತ್ತಲು ಮಾಡಿದ್ದರು. ಬೆಳಗಿನ ಉಪ್ಪಿಟ್ಟಿನ ವಾಸನೆ ಇನ್ನೂ ಇತ್ತು. ನನ್ನ ಪಕ್ಕ ಕಸ ಗುಡಿಸುವ ಪಿಳ್ಳಮ್ಮ ಕೂತಿದ್ದಳು. ಗೋಡೆಗೆ ಕಟ್ಟಿದ ಬಿಳಿ ಬಟ್ಟೆಯ ಮೇಲೆ ಇವರು ನಡೆದುಬಂದರು. ಅದೇ ನೀಲಿ ಅಂಗಿ. ಮೇಲಿನಿಂದ ಎರಡನೇ ಗುಂಡಿಯನ್ನು ನಾನು ಕಪ್ಪು ದಾರದಲ್ಲಿ ಹೊಲಿದಿದ್ದೆ, ಅದೂ ಕಂಡಿತು. ಊರ್ಮಿಳೆ ನನ್ನ ತೋಳು ಹಿಡಿದು ನಕ್ಕಳು.

ಆಮೇಲೆ ನಿನ್ನ ಧ್ವನಿ ಬಂತು. ಚಿತ್ರಕ್ಕೆ ಶಬ್ದವಿಲ್ಲ, ನಿನ್ನ ಮಾತನ್ನು ಟೇಪ್ ರೆಕಾರ್ಡರಿನಲ್ಲಿ ಹಾಕುತ್ತಾರೆ. “ಇವರನ್ನು ನೋಡಿ. ಇವರು ಒಬ್ಬ ಅಜಾಗರೂಕ ಕೆಲಸಗಾರ.” ರೇಡಿಯೋದಲ್ಲಿ ವಾರ್ತೆ ಓದುವವರ ಹಾಗೆ ಎಷ್ಟು ಸ್ಪಷ್ಟವಾಗಿ ಹೇಳಿದ್ದೀಯಪ್ಪ! ಕೈ ಒಳಗೆ ಹೋಗದಂತೆ ತಡೆಯಲು ತಗಡು ಒತ್ತುವ ಪ್ರೆಸ್ಸಿನ ಮುಂದೆ ಇರಬೇಕಾದ ಜಾಲರಿ ಇರಲಿಲ್ಲ. ಇವರು ಕೈ ಹಾಕಿದರು. ಮೇಲಿನ ಕಬ್ಬಿಣ ಇಳಿಯಿತು. ಗೋಡೆಯ ಬಟ್ಟೆಯಿಡೀ ಕೆಂಪಾಯಿತು. ಇವರು ಬಾಯಿ ದೊಡ್ಡದು ಮಾಡಿ ಕ್ಯಾಮೆರಾ ಕಡೆ ತಿರುಗಿದರು. ನೋವಿಗೆ ಕಿರುಚುತ್ತಿದ್ದಾರೆಂದು ಎಲ್ಲರೂ ಅಯ್ಯೋ ಎಂದರು. ಹನ್ನೊಂದು ವರ್ಷ ಬಾಳುವೆ ಮಾಡಿದವಳಿಗೆ ಆ ತುಟಿ ಏನು ಹೇಳುತ್ತಿದೆ ಎಂದು ತಿಳಿಯುವುದಿಲ್ಲವೇ? “ಸಾಕಾ ಭಾವ?” ಎಂದು ನಿನ್ನನ್ನು ಕೇಳುತ್ತಿದ್ದರು, ನಗು ತಡೆಯಲಾರದೆ.

ಅಷ್ಟಕ್ಕೇ ಮುಗಿಯಲಿಲ್ಲ. ಹೊಸದಾಗಿ ಸೇರಿದವರು “ರಿವರ್ಸ್ ಹಾಕು ಗುರೂ!” ಎಂದು ಕೂಗಿದರು. ಆಪರೇಟರ್ ರೀಲನ್ನು ಹಿಂದಕ್ಕೆ ಓಡಿಸಿದ. ಕೆಂಪೆಲ್ಲ ಒಳಗೆ ಹೋಯಿತು, ಕಬ್ಬಿಣ ಮೇಲೆದ್ದಿತು, ಕೈ ಇಡಿಯಾಗಿ ಹೊರಗೆ ಬಂತು, ಇವರು ಹಿಂದೆ ಹಿಂದೆ ನಡೆದು ಬಾಗಿಲಾಚೆ ಹೋದರು. ಜನ ಬಿದ್ದು ಬಿದ್ದು ನಕ್ಕರು. ಇಲ್ಲೇ ನಿಲ್ಲಿಸಲಿ ದೇವರೇ, ಇನ್ನು ಮುಂದಕ್ಕೆ ಓಡಿಸದಿರಲಿ ಎಂದು ನಾನು ಬೇಡಿಕೊಂಡೆ. ಮತ್ತೆ ಮುಂದಕ್ಕೆ ಓಡಿಸಿದರು. ಕೆಟ್ಟ ಕನಸಾದರೆ ಎದ್ದು ಒಂದು ಲೋಟ ನೀರು ಕುಡಿದು ಮಲಗಬಹುದು ಅಣ್ಣ. ಇದನ್ನು ಪ್ರತಿ ಮಾರ್ಚಿಗೂ ಹಾಕುತ್ತಾರಂತೆ. ಪಿಳ್ಳಮ್ಮನೇ, “ಅಂಗೆ ನೋಡ್ಬ್ಯಾಡ ಕಣವ್ವ, ಎದ್ದೇಳು, ಮಗೀನ ಕರ್ಕೊಂಡು ಓಗು” ಎಂದು ರಟ್ಟೆ ಹಿಡಿದು ಎಬ್ಬಿಸಿದಳು.

ಬಸ್‌ಸ್ಟಾಪಿನಲ್ಲಿ ಊರ್ಮಿಳೆ ಕೇಳಿದಳು: “ಅಪ್ಪ ಅಜಾಗರೂಕ ಅಂತೆ, ಮಾಮ ಹೇಳಿದ್ರಲ್ಲ. ಅದಕ್ಕೇ ಸತ್ತೋದ್ರಾ ಅಮ್ಮ?” ನಾನು ಈ ಕಾಗದ ಬರೆಯುತ್ತಿರುವುದು ಆ ಒಂದು ಮಾತಿಗಾಗಿ.

ಅವಳ ಅಪ್ಪನನ್ನು ಕೊಂದದ್ದು ಯಾವುದು ಎಂದು ನಿನಗೆ ಗೊತ್ತು. ಹೋದ ಆಗಸ್ಟಿನಲ್ಲಿ ಜಾಲರಿ ಮುರಿದು ಮೂರು ವಾರವಾಗಿತ್ತು. ಇವರು ನಿನಗೆ ಎರಡು ಸಲ ಹೇಳಿದರು, ಒಂದು ಸಲ ನಮ್ಮ ಮನೆಯ ಜಗುಲಿಯ ಮೇಲೇ, ನಾನು ಕಾಫಿ ತಂದಿಟ್ಟಾಗ. “ಹೊಸದು ಬರೋತನಕ ಹೇಗೋ ನಡೆಸು ಪ್ರಸಾದ” ಎಂದವನು ನೀನು. ನಡೆಸಿದರು. ಕೈ ಭುಜದವರೆಗೆ ಹೋಯಿತು, ಆಸ್ಪತ್ರೆ ಮುಟ್ಟುವ ಮುಂಚೆ ಅವರೂ ಹೋದರು. ಫ್ಯಾಕ್ಟರಿಯ ವಿಚಾರಣೆಯಲ್ಲಿ ನೀನು ಹೇಳಿದ್ದೇನು? ರಾಮಪ್ರಸಾದನಿಗೆ ಮೊದಲಿಂದಲೂ ಜಾಲರಿ ತೆಗೆದು ಕೆಲಸ ಮಾಡುವ ಚಾಳಿ, ಸಿನಿಮಾದಲ್ಲೂ ದಿನಾ ಮಾಡುವ ಹಾಗೇ ಮಾಡಿ ತೋರಿಸಿದ, ಎಂದೆ. ಸತ್ತವರು ಎದ್ದು ಬಂದು ಅಲ್ಲ ಎನ್ನುತ್ತಾರೆಯೇ? ಹೆಂಡತಿಯ ಮಾತಿಗೆ ಬೆಲೆಯಿಲ್ಲ. ಜೊತೆಯವರು ಕೆಲಸ ಹೋದೀತೆಂದು ಬಾಯಿ ಬಿಡುತ್ತಿಲ್ಲ. ಅವರಿಗೂ ಹೆಂಡತಿ ಮಕ್ಕಳಿದ್ದಾರೆ, ಬಯ್ಯಲಾರೆ. ಆದರೆ ನೀನು ಒಡಹುಟ್ಟಿದವನು. ಇವರಿಗೆ ಆ ಕೆಲಸ ಕೊಡಿಸಿದವನೂ ನೀನೇ.

ನಿನಗೆ ನೆನಪಿದೆಯೋ ಇಲ್ಲವೋ, ಎರಡು ವರ್ಷದ ಕೆಳಗೆ ಸಿನಿಮಾ ತೆಗೆಯುವ ಹಿಂದಿನ ದಿನ ನನಗೊಂದು ಚೀಟಿ ಕಳಿಸಿದ್ದೆ. “ಮಿಷಿನ್ ಆಫ್ ಮಾಡಿ, ಕಬ್ಬಿಣವನ್ನು ಕೈಯಿಂದಲೇ ನಿಧಾನಕ್ಕೆ ಇಳಿಸುತ್ತೇವೆಂದರೂ ಪ್ರಸಾದ ಜಾಲರಿ ಇಲ್ಲದೆ ಕೈ ಹಾಕಲಾರೆ ಎನ್ನುತ್ತಾನೆ, ಪುಕ್ಕಲ. ನೀನು ಹೇಳಿ ಒಪ್ಪಿಸು. ಹಾಗೇ ಒಂದು ಡಬ್ಬಿ ಬೀಟ್‌ರೂಟ್ ಬೇಯಿಸಿದ ನೀರು ಕಳಿಸು.” ಒಪ್ಪಿಸಿದವಳು ನಾನೇ. ನಮ್ಮಣ್ಣ ಬಾಯಿಬಿಟ್ಟು ಕೇಳಿದ್ದಾನೆ, ಇಷ್ಟೂ ಮಾಡಬಾರದೇ, ಗಂಡಸಲ್ಲವೇ ನೀವು ಎಂದು ರೇಗಿಸಿದೆ. ಬೀಟ್‌ರೂಟ್ ಬೇಯಿಸಿ, ಗಟ್ಟಿಯಾಗಲೆಂದು ಒಂದು ಚಮಚ ಮೈದಾ ಕದಡಿ, ಊಟದ ಡಬ್ಬಿಯ ಜೊತೆ ಚೀಲಕ್ಕೆ ಹಾಕಿಕೊಟ್ಟೆ. ಜನ ನೋಡಿ ಅಯ್ಯೋ ಎಂದರಲ್ಲ, ಆ ರಕ್ತ ನನ್ನ ಅಡಿಗೆಮನೆಯದು. ನೀನು ಒಂದು ಪಾಪ ಮಾಡಿದ್ದರೆ ಅದರಲ್ಲಿ ನನ್ನದೂ ಪಾಲಿದೆ.

ಆ ಚೀಟಿ ನನ್ನ ಹತ್ತಿರ ಇದೆ. ನಿನ್ನ ಅಕ್ಷರ, ನಿನ್ನ ರುಜು, ಕೆಳಗೆ ತಾರೀಕು. ಇಪ್ಪತ್ತೆರಡಕ್ಕೆ ನೀನಾಗಿ ಬಂದು, ಅದು ನಾಟಕ, ಆ ಮನುಷ್ಯ ಜಾಲರಿಯಿಲ್ಲದೆ ಕೈ ಹಾಕುವವನಲ್ಲ, ಮುರಿದದ್ದನ್ನು ಸರಿಮಾಡಿಸದವನು ನಾನು ಎಂದು ಹೇಳು. ಇಲ್ಲದಿದ್ದರೆ ಚೀಟಿಯನ್ನು ನರಸಿಂಹಯ್ಯನವರ ಕೈಗೆ ಕೊಡುತ್ತೇನೆ. ಆಮೇಲೆ ತಂಗಿ ನನ್ನ ಅನ್ನಕ್ಕೆ ಕಲ್ಲು ಹಾಕಿದಳು ಎನ್ನಬೇಡ.

ಸೀತಾ ಅತ್ತಿಗೆಗೆ ನನ್ನ ನಮಸ್ಕಾರ ತಿಳಿಸು. ಅವರ ಮೇಲೆ ನನಗೆ ಯಾವ ಕೋಪವೂ ಇಲ್ಲ.

ಇಂತಿ,
ಇನ್ನೂ ನಿನ್ನ ತಂಗಿಯೆಂದೇ ರುಜು ಹಾಕುವ
ಅಮ್ಮಣ್ಣಿ

ತಾ.ಕ.: ಕವರು ಅಂಟಿಸಿಯಾಗಿತ್ತು, ಮತ್ತೆ ಹರಿದೆ. ಚೀಟಿ ನನ್ನ ಹತ್ತಿರ ಇಲ್ಲ ಅಣ್ಣ. ಅದನ್ನು ಅಂದೇ ಹಂಡೆ ಒಲೆಗೆ ಹಾಕಿಬಿಟ್ಟೆ, ಯಾರು ಕಂಡಿದ್ದರು ಹೀಗಾಗುತ್ತದೆ ಎಂದು. ಸುಳ್ಳು ಹೇಳಿ ನಿನ್ನನ್ನು ಹೆದರಿಸಿ ಕರೆಸಿಕೊಂಡರೆ ನಿನಗೂ ನನಗೂ ಏನು ವ್ಯತ್ಯಾಸ? ನೀನು ಬರದಿದ್ದರೆ ನನ್ನಿಂದ ಏನೂ ಮಾಡಲಾಗುವುದಿಲ್ಲ, ಧೈರ್ಯವಾಗಿರು. ನಿಜ ಈಗ ನಿನ್ನ ಬಾಯಲ್ಲಿ ಬಿಟ್ಟರೆ ಬೇರೆಲ್ಲೂ ಉಳಿದಿಲ್ಲ. ಊರ್ಮಿಳೆಯನ್ನೂ ಕೋರ್ಟಿಗೆ ಕರೆತರುತ್ತೇನೆ. ಮಾಮನ ಧ್ವನಿ ಅವಳಿಗೆ ಚೆನ್ನಾಗಿ ಗುರುತಿದೆ.