ಎರಡು ಸಲ ಸ್ವೀಕರಿಸುವುದಿಲ್ಲ

ಹನ್ನೆರಡನೇ ತಾರೀಖು, ಮಂಗಳವಾರ

ಪ್ರೀತಿಯ ತಮ್ಮಾ,

ನಿನ್ನ ಮೂರು ಕಾಗದಕ್ಕೂ ಸೇರಿಸಿ ಒಂದೇ ಉತ್ತರ ಬರೆಯುತ್ತಿದ್ದೇನೆ, ಎಷ್ಟು ಬೇಕೋ ಅಷ್ಟು ಬೈದುಕೋ. ಹಡಗಿನ ಊಟ ಮೈಗೆ ಹತ್ತಿದೆ ಎಂದು ಓದಿ ಸಮಾಧಾನವಾಯಿತು. ಅಪ್ಪ ಹೇಗಿದ್ದಾರೆ ಎಂದು ಮೂರರಲ್ಲೂ ಕೇಳಿದ್ದೀಯ. ಸರ್ಕಾರದ ಪ್ರಕಾರ ಸತ್ತಿದ್ದಾರೆ. ಗಾಬರಿಯಾಗಬೇಡ, ಈಗ ಪಕ್ಕದ ಕೋಣೆಯಲ್ಲಿ ಕೂತು ನಾನು ಮಾಡಿದ ಚಹಾದಲ್ಲಿ ತಪ್ಪು ಹುಡುಕುತ್ತಿದ್ದಾರೆ.

ಸಾವಿನ ದಾಖಲೆಗಳನ್ನು ಸರ್ಕಾರದ ಸರ್ವರ್‌ಗೆ ಕಳಿಸುವ ಸ್ಕ್ರಿಪ್ಟ್, ಅಂದರೆ ಪುಟ್ಟ ಪ್ರೋಗ್ರಾಮು, ಬರೆಯುವುದು ಕಚೇರಿಯಲ್ಲಿ ನನ್ನ ಕೆಲಸ ತಾನೆ. ಹೆಸರು, ಗುರುತಿನ ಸಂಖ್ಯೆ, ಸತ್ತ ದಿನ, ಇಷ್ಟನ್ನು ಕಟ್ಟಿ ಸರ್ವರ್‌ನ ವಿಳಾಸಕ್ಕೆ ಕಳಿಸಿದರೆ, ಅಲ್ಲಿಂದ 200 ಎಂದು ಉತ್ತರ ಬರುತ್ತದೆ. ಅಂದರೆ ಮುಟ್ಟಿತು ಎಂದರ್ಥ. ಪರೀಕ್ಷೆಗೆಂದು ಬೇರೆಯೇ ಸರ್ವರ್ ಇದೆ, ಅಲ್ಲಿಗೆ ಯಾರನ್ನು ಕಳಿಸಿದರೂ ಯಾರೂ ಸಾಯುವುದಿಲ್ಲ. ಪರೀಕ್ಷೆಗೆ ನಾವೆಲ್ಲ ಮನೆಯವರ ಸಂಖ್ಯೆಯನ್ನೇ ಹಾಕುತ್ತೇವೆ, ಬಾಯಿಪಾಠ ಇರುತ್ತದಲ್ಲ. ಎದುರು ಮೇಜಿನವಳು ಅತ್ತೆಯನ್ನು ನಲವತ್ತು ಸಲ ಸಾಯಿಸಿದ್ದಾಳೆ. ನಾಲ್ಕನೇ ತಾರೀಖು ನಾನು ಅಪ್ಪನದು ಹಾಕಿದೆ. ವಿಳಾಸದ ಸಾಲು ಬದಲಿಸಲು ಮರೆತಿದ್ದೆ. ನಿಜವಾದ ಸರ್ವರ್ 200 ಎಂದಿತು.

ಮರುದಿನ ಆಸ್ಪತ್ರೆಯಲ್ಲಿ ಅವರ ಡಯಾಲಿಸಿಸ್ ಕಾರ್ಡು ತೆರೆಯಲಿಲ್ಲ. "ನೀವು ತೀರ್ಕೊಂಡಿದೀರ ಅಂತ ತೋರಿಸ್ತಿದೆ ಅಜ್ಜಾ, ಮೆಷಿನ್ ಶುರುನೇ ಆಗಲ್ಲ" ಅಂದಳಂತೆ ನರ್ಸು. "ನಾನು ಸತ್ತಿದ್ರೆ ನಿನ್ ಹತ್ರ ಜಗಳ ಆಡ್ತಿರೋದು ಯಾರು?" ಎಂದು ಕೂಗಾಡಿ ಮನೆಗೆ ಬಂದರು. ಬೇರೆ ಊರಿನ ಆಸ್ಪತ್ರೆಗೆ ಹೋದರೂ ಅದೇ ಕಾರ್ಡು ಬೇಕು.

ತಿದ್ದುಪಡಿಯ ಸ್ಕ್ರಿಪ್ಟನ್ನು ಅಂದೇ ಬರೆದಿಟ್ಟೆ, ಅರ್ಧ ಗಂಟೆಯ ಕೆಲಸ. ಒಂದು ಕೀಲಿ ಒತ್ತಿದರೆ ಅಪ್ಪ ಬದುಕುತ್ತಾರೆ. ಒತ್ತಿಲ್ಲ. ಕಾಲು ಊದಿಕೊಂಡಿದೆ, ಮಲಗಿದರೆ ಉಸಿರು ಕಟ್ಟುತ್ತದೆ. ದಿನಾ ಬಾಗಿಲಿಗೆ ಬಂದು ನಿಂತು, "ನಿಂಗೆ ಕಂಪ್ಯೂಟರ್ ಗೊತ್ತಲ್ಲೇ, ಏನಾದ್ರೂ ಮಾಡೇ" ಅನ್ನುತ್ತಾರೆ. "ನಾಳೆ ನೋಡೋಣಪ್ಪಾ" ಅನ್ನುತ್ತೇನೆ.

ಆ ಮಾತು ನಿನಗೆ ನೆನಪಿರಲಿಕ್ಕಿಲ್ಲ, ನಿನಗಾಗ ಐದು ವರ್ಷ. ಅಮ್ಮ ಹೊಟ್ಟೆ ಹಿಡಿದುಕೊಂಡು ಮೂರು ದಿನ ನರಳಿದಳು. ಆಸ್ಪತ್ರೆಗೆ ಹೋಗೋಣ ಎಂದು ನಾನು ಗೋಗರೆದಾಗಲೆಲ್ಲ ಅಪ್ಪ ಇಸ್ಪೀಟಿನಿಂದ ತಲೆ ಎತ್ತದೆ ಹೇಳಿದ್ದು ಅದನ್ನೇ. ನಾಲ್ಕನೇ ದಿನ ನೋಡುವುದಕ್ಕೇನೂ ಉಳಿದಿರಲಿಲ್ಲ. ಅದು ಅವರಿಗೆ ನೆನಪಾಗಲಿ ಎಂದು ಕಾಯುತ್ತಿದ್ದೇನೆ. ನೆನಪಾದ ದಿನ ಕೀಲಿ ಒತ್ತುತ್ತೇನೆ. ನನ್ನನ್ನು ಕಟುಕಿ ಅನ್ನು, ಬೇಡ ಅನ್ನುವುದಿಲ್ಲ.

ಮೈ ಜೋಪಾನ. ಎಲ್ಲಿದ್ದರೂ ತಣ್ಣಗಿರು.

ನಿನ್ನ ಅಕ್ಕ

ತಾ.ಕ. ಹದಿನೈದನೇ ತಾರೀಖು. ಈ ಕಾಗದವನ್ನು ಅಂಚೆಗೆ ಹಾಕಿರಲಿಲ್ಲ. ಮೊನ್ನೆ ಸಂಜೆ ಅಪ್ಪ ಬಾಗಿಲಿಗೆ ಬರಲಿಲ್ಲ, ನಾನೇ ಹೋದೆ. "ನಾಳೆ ಅಂತೀಯ, ಗೊತ್ತು ಬಿಡು. ನಿಮ್ಮಮ್ಮನೂ ಹೀಗೇ ಕಾದ್ಲು" ಅಂದರು. ಸ್ಕ್ರಿಪ್ಟು ಕಚೇರಿಯಲ್ಲಿತ್ತು. ಬೆಳಿಗ್ಗೆ ಹೋದ ಕೂಡಲೇ ಒತ್ತೋಣ ಅಂದುಕೊಂಡು ಮಲಗಿದೆ. ಬೆಳಿಗ್ಗೆ ಅಪ್ಪ ಏಳಲಿಲ್ಲ.

ಇವತ್ತು ಅವರ ಸಾವನ್ನು ನಾನೇ ಕಳಿಸಿದೆ. ಸರ್ವರ್ ತೆಗೆದುಕೊಳ್ಳಲಿಲ್ಲ: ಈ ವ್ಯಕ್ತಿಯ ಸಾವು ಈಗಾಗಲೇ ದಾಖಲಾಗಿದೆ. ಒಬ್ಬರ ಸಾವನ್ನು ಎರಡು ಸಲ ಸ್ವೀಕರಿಸಬಾರದೆಂಬ ನಿಯಮ ಬರೆದವಳೂ ನಾನೇ. ತಿದ್ದುಪಡಿ ಒತ್ತಿ ಬದುಕಿಸಿ, ಮತ್ತೆ ಸಾಯಿಸಲು ನನ್ನಿಂದಾಗಲಿಲ್ಲ. ಹಾಗಾಗಿ ದಾಖಲೆಯಲ್ಲಿ ನಾಲ್ಕನೇ ತಾರೀಖೇ ಉಳಿಯಿತು. ಆ ಸಂಜೆ ಅಪ್ಪ ನನ್ನ ಪಕ್ಕ ಕೂತು ಊಟ ಮಾಡಿ, ಉಪ್ಪು ಕಮ್ಮಿ ಅಂದಿದ್ದರು.