ಒಂದು ಒತ್ತು ಹೆಚ್ಚು

ಕೋಟೆಯ ಎರಡನೇ ಗೋಪುರದಿಂದ,
ಚಳಿ ಹಿಡಿದ ಹನ್ನೊಂದನೇ ದಿನ

ಪ್ರೀತಿಯ ಅಕ್ಕನಿಗೆ ನಿನ್ನ ಗುಬ್ಬಿ ಮಾಡುವ ನಮಸ್ಕಾರ.

ಉತ್ತರ ತಡವಾಯಿತು, ಬೈಯಬೇಡ. ಬರೆಯಲು ಧೈರ್ಯವೇ ಬರಲಿಲ್ಲ. ಹೊರಗೆ ನಿನ್ನ ತಮ್ಮನನ್ನು ದೊರೆಯ ಎಡಗೈ ಅಂತ ಹೇಳಿ ಮಕ್ಕಳನ್ನು ಹೆದರಿಸುತ್ತಾರೆ. ಒಳಗೆ ನನಗೇ ನಡುಕ. ದೀಪದ ಕತ್ತಿ ಹಿಡಿದವಳು ಕಣಿವೆ ದಾಟಿದ್ದಾಳಂತೆ. ಮೊದಲು ನನ್ನನ್ನು ಕಡಿಯುತ್ತಾಳಂತೆ, ನೆರಳಿಲ್ಲದ ನಮ್ಮ ದೊರೆಯ ಸರದಿ ಆಮೇಲಂತೆ.

"ದೊಡ್ಡವರ ಮನೆಗೆ ಹೋಗೋರು ಮೊದ್ಲು ಕಾಲೊರಸು ತುಳೀಲೇಬೇಕಲ್ವಾ ಸ್ವಾಮಿ!" ಅಂತ ಅಡುಗೆಯವನು ನಕ್ಕ. ಯಾಕೆ ನಕ್ಕ? ಅಂದಿನಿಂದ ಅವನು ಬಡಿಸಿದ್ದು ಮೊದಲು ಬೆಕ್ಕಿಗೆ. ಬೆಕ್ಕು ದಪ್ಪಗಾಗಿದೆ, ನಾನು ಸೊರಗಿದ್ದೇನೆ.

ಅದಿರಲಿ. ಕೇಳಬೇಕಾದ್ದು ಬೇರೆ. ನಿನ್ನ ಕಳೆದ ಮೂರು ಕಾಗದಗಳ ಕೊನೆಗೂ "ಅಕ್ಕ" ಅಂತಿದೆ. ಒತ್ತು ಸಮೇತ. ಒತ್ತಕ್ಷರ ಶುರುವಾಗುವ ಮೊದಲೇ ಅಮ್ಮ ನಮ್ಮಿಬ್ಬರನ್ನೂ ಶಾಲೆ ಬಿಡಿಸಿ ಮಡಕೆಯ ಮಣ್ಣು ತುಳಿಯಲು ಹಚ್ಚಿದ್ದಳಲ್ಲ? "ಊಟ ಮಾಡು ಗುಬಿ. ಇಂತಿ ಅಕ" ಅಂತಲೇ ನೀನು ಇಷ್ಟು ವರ್ಷ ಬರೆದದ್ದು. ನನಗೆ ಒತ್ತು ಕಲಿಸಿದವರು ಇಲ್ಲಿನ ಬರವಣಿಗೆ ಮೇಷ್ಟ್ರು. ಕೋಟೆಗೆ ಬರುವ ಹೋಗುವ ಕಾಗದಗಳೆಲ್ಲ ಅವರ ಕೈ ದಾಟಿಯೇ ಹೋಗಬೇಕು. ಮೆಲ್ಲಗೆ ಕೇಳಿದೆ, "ಮೇಷ್ಟ್ರೇ, ನಮ್ಮಕ್ಕನಿಗೆ ಒತ್ತು ಯಾರು ಕಲಿಸಿದ್ರು?"

"ಕಲಿಯೋಕೆ ವಯಸ್ಸಿದೆಯಾ ಸ್ವಾಮಿ? ನೀವು ಕಲೀಲಿಲ್ವಾ?"

ತಲೆ ಎತ್ತಲಿಲ್ಲ. ಲೇಖನಿಯ ತುದಿಯನ್ನು ಹೆರೆಯುತ್ತಲೇ ಇದ್ದರು, ಅದು ಗೇಣುದ್ದ ಇದ್ದದ್ದು ಬೆರಳುದ್ದ ಆಗುವವರೆಗೆ.

ಅದಕ್ಕೇ ಇದನ್ನು ಅವರಿಗೆ ಕೊಡದೆ ಕುದುರೆಗೆ ಲಾಳ ಹೊಡೆಯುವವನ ಚೀಲದಲ್ಲಿ ಕಳಿಸುತ್ತಿದ್ದೇನೆ. ಅವನಾದರೂ ಎಂಥವನೋ. ನಿನ್ನ ಕೈಗೇ ಸಿಕ್ಕಿದರೆ ಹಳೇ ಥರ, ಒತ್ತಿಲ್ಲದೆ, ಎರಡು ಸಾಲು ಬರೆ. ಅಯ್ಯೋ, ಇದನ್ನೂ ಬರೆದುಬಿಟ್ಟೆನಲ್ಲ! ಮೇಷ್ಟ್ರು ಓದಿದರೆ ಒತ್ತು ಬಿಟ್ಟು ಬರೆಯುವುದು ಅವರಿಗೇನು ಕಷ್ಟ? ಬೇಡ, ಬರೆಯಲೇಬೇಡ. ಹಸಿಮಣ್ಣಿನ ಮೇಲೆ ಹೆಬ್ಬೆಟ್ಟು ಒತ್ತಿ, ಆವಿಗೆಯಲ್ಲಿ ಸುಟ್ಟು ಕಳಿಸು. ನಿನ್ನ ಹೆಬ್ಬೆಟ್ಟಿನ ಗಾಯದ ಗೆರೆ ನಾನು ಮರೆತಿಲ್ಲ.

ನಿನ್ನ ಆವಿಗೆ ಆರದಿರಲಿ, ನೀನು ನೂರು ಕಾಲ ಬಾಳು.

ಇಂತಿ ನಿನ್ನ
ಗುಬ್ಬಿ (ನಿನ್ನ ಲೆಕ್ಕದಲ್ಲಿ ಗುಬಿ)

ಮರೆತ ಮಾತು: ಮರೆತದ್ದಲ್ಲ, ಸುತ್ತಿ ಬಳಸಿ ಇಲ್ಲಿಗೆ ಬಂದೆ. ಬೇಸಗೆಯಲ್ಲಿ ಮೇಷ್ಟ್ರು ದೊರೆಯ ಆಜ್ಞೆ ತಂದರು. ಬೆಂಕಿಯುಗುಳುವ ಮೃಗಗಳನ್ನು ಬಿಡಬೇಕಾದ ಊರುಗಳ ಪಟ್ಟಿ. ತುಂಬಿದ ಸಭೆ. ನಾನು ಅಕ್ಷರ ಕೂಡಿಸಿಕೊಂಡು ಓದುವುದನ್ನು ಕಂಡು ನಕ್ಕಾರೆಂದು, ಎರಡು ಹೆಸರು ಓದಿ, ಎಲ್ಲ ಓದಿದವನ ಹಾಗೆ ತಲೆಯಾಡಿಸಿ ಮುದ್ರೆ ಒತ್ತಿಬಿಟ್ಟೆ. ನಿನ್ನ ಕಾಗದದಲ್ಲಿ ಒತ್ತು ಕಾಣಿಸಿದ್ದು ಅದಾದ ಮೇಲೆಯೇ. ಆ ಪಟ್ಟಿ ಈಗ ನನ್ನ ಪೆಟ್ಟಿಗೆಯಲ್ಲಿದೆ. ಈಗೀಗ ಸರಾಗವಾಗಿ ಓದುತ್ತೇನೆ ಅಕ್ಕ. ಮೂರನೇ ಹೆಸರು ಮಾತ್ರ ಇನ್ನೂ ಓದಿಲ್ಲ.