ಸೋಲಾರ್ ಸ್ವಿಚ್ ಹಾಕುವ ಮುಂಚೆ

ಗೌರೀಶ,

ಸೋಲಾರ್‌ನವರು ಕೆಳಗಿನ ಚಾವಣಿಯ ತಗಡಿನ ಮೇಲೆ ಪ್ಯಾನೆಲ್ ಹಾಕಿ ಹೋದರು. ರಾಹುಕಾಲ ಇತ್ತು, ಅದಕ್ಕೆ ನಾನೇ "ಈಗ ಚಾಲೂ ಮಾಡಬ್ಯಾಡ್ರಿ, ನನ್ನ ಮಗ ಬಂದು ಮಾಡ್ತಾನ" ಅಂದೆ. ನಗಬೇಡ.

ಆಮೇಲೆ ಮಹಡಿ ಕಿಟಕಿಯಿಂದ ಬಗ್ಗಿ ನೋಡಿದೆ. ವೈರನ್ನೆಲ್ಲ ಪ್ಯಾನೆಲ್ ಕೆಳಗೆ ಎತ್ತಿ ಕಟ್ಟಿದ್ದಾರೆ, ಮೂಲೆಯಲ್ಲಿ ಒಂದು ಮಾತ್ರ ಜೋತುಬಿದ್ದು ತಗಡಿನ ಅಂಚಿಗೆ ತಾಗಿದೆ. ಅದೊಂದೇ ಯಾಕೆ ಹಾಗೆ? ಬಿಸಿಲಿಗೆ ತಗಡು ಹಿಗ್ಗಿ ಟಕಟಕ ಅನ್ನುತ್ತದಲ್ಲ, ದಿನಾ ಹಾಗೆ ಉಜ್ಜಿದರೆ ವೈರ್ ಸವೆಯುವುದಿಲ್ಲವೇ? ಅವರಿಗೆ ಫೋನ್ ಮಾಡಿ ಕೇಳು. ನೀನು ಏಣಿ ಹತ್ತಬೇಡ, ಸ್ವಿಚ್ಚೂ ಮುಟ್ಟಬೇಡ.

ನೀನು ಮ್ಯಾಕ್ವೆರಿ ಪಾರ್ಕ್‌ನ ಆಫೀಸಿನಿಂದ ಬರುವಷ್ಟರಲ್ಲಿ ನಾನು ಪಕ್ಕದ ಮನೆಯ ವಾಸಂತಿ ಜೊತೆ ವಾಕಿಂಗ್ ಹೋಗಿರುತ್ತೇನೆ.

ಅವರು ಬಂದು ಸರಿಮಾಡಿದ ಮೇಲೂ ನನ್ನನ್ನು ಬಿಟ್ಟು ಚಾಲೂ ಮಾಡಬೇಡ. ಬಿಸಿಲಿನ ಕರೆಂಟಿನಲ್ಲಿ ಕಾಸಿದ ಚಹಾದ ರುಚಿ ಬೇರೆ ಇರುತ್ತದೋ ಏನೋ. ಮೊದಲ ಗುಟುಕು ನಂದು.

ಅವ್ವ